ಶೂಬಿ ಟೇಲರ್: ನಗು ಬಂದ ಮೇಲೂ ಮತ್ತೆ ಕೇಳಬೇಕೆನಿಸುವುದು ಏಕೆ?

ಪ್ರಶ್ನೆ: ಶೂಬಿ ಟೇಲರ್ ಎಂಬ ಅಮೆರಿಕದ ಜಾಝ್ ಗಾಯಕರ ಒಂದು ಹಾಡು ಕೇಳಿದೆ. ಹಿಂದೆ ಆರ್ಗನ್ ನುಡಿಯುತ್ತಿದೆ, ಇವರು ‘ರಾ-ಶಾ’, ‘ಸ್ಪ್ಲಾ’, ‘ಪಾಪಿ-ಪಾಪಿ’ ಅಂತ ಏನೇನೋ ಹಾಡುತ್ತಾರೆ. ಮೊದಲು ಜೋರಾಗಿ ನಗು ಬಂತು. ಆದರೆ ಒಂದು ವಾರದಿಂದ ಅದನ್ನೇ ಹಾಕಿಕೊಂಡು ಕೇಳುತ್ತಿದ್ದೇನೆ. ಇದಕ್ಕೆ ‘ಔಟ್‌ಸೈಡರ್ ಮ್ಯೂಸಿಕ್’, ಅಂದರೆ ಸಂಗೀತ ಲೋಕದ ಹೊರಗಿನವರ ಸಂಗೀತ, ಅನ್ನುತ್ತಾರಂತೆ. ಇದು ಒಳ್ಳೆಯ ಸಂಗೀತವೋ ಕೆಟ್ಟದೋ? ಚಿಕ್ಕಂದಿನಲ್ಲಿ ಸ್ವಲ್ಪ ಕಾಲ ಮೃದಂಗ ಕಲಿತಿದ್ದೇನೆ. ಮೃದಂಗದ ಸೊಲ್ಲುಗಳನ್ನು ಬಾಯಲ್ಲೇ ಹೇಳುವ ನಮ್ಮ ಕೊನ್ನಕ್ಕೋಲ್‌ಗೂ ಇದಕ್ಕೂ ಸಂಬಂಧ ಇದೆಯೇ? ಹೀಗೆ ಹಾಡುವುದನ್ನು ಮನೆಯಲ್ಲೇ ಕಲಿಯಬಹುದೇ?

ಉತ್ತರ: ನಗು ಬಂದದ್ದರಲ್ಲಿ ತಪ್ಪಿಲ್ಲ, ವಾರಗಟ್ಟಲೆ ಕೇಳಿದ್ದರಲ್ಲಿ ಆಶ್ಚರ್ಯವೂ ಇಲ್ಲ. ಶೂಬಿ ಟೇಲರ್ ಸ್ಕ್ಯಾಟ್, ಅಂದರೆ ಅರ್ಥವಿಲ್ಲದ ಅಕ್ಷರಗಳ ಜಾಝ್ ಗಾಯನ, ಹಾಡಲು ಹೋಗಿ ಸೋತವರಲ್ಲ. ಅವರಿಗೆ ತಾಳ ಗೊತ್ತಿತ್ತು, ಹಾಡಿನ ಧಾಟಿ ಗೊತ್ತಿತ್ತು. ಜಾಝ್‌ನಲ್ಲಿ ಬೇರೆಯವರು ಮುಟ್ಟದ ಅಕ್ಷರಗಳನ್ನು ಆರಿಸಿಕೊಂಡು ತಮಗೆಂದೇ ಒಂದು ಕಟ್ಟು ಮಾಡಿಕೊಂಡರು. ಯಾವ ಹಾಡು ಎದುರಿಗೆ ಬಂದರೂ ಆ ಕಟ್ಟನ್ನು ಬಿಡಲಿಲ್ಲ. ನಿಮಗೆ ನಗು ತರಿಸಿದ್ದು ಆ ಅಕ್ಷರಗಳು. ಮತ್ತೆ ಮತ್ತೆ ಕೇಳಿಸುತ್ತಿರುವುದು, ಅವನ್ನು ಅವರು ಬಿಡದೆ ಹಿಡಿದುಕೊಂಡಿರುವ ನಿಷ್ಠೆ. ಒಳ್ಳೆಯದೋ ಕೆಟ್ಟದೋ ಎಂಬ ಪ್ರಶ್ನೆಗೂ ಉತ್ತರ ಸಿಗುವುದು ಇಲ್ಲಿಂದಲೇ.

ಮೊದಲು ಮನುಷ್ಯ ಯಾರು ನೋಡೋಣ. ವಿಲಿಯಂ ‘ಶೂಬಿ’ ಟೇಲರ್ ಹುಟ್ಟಿದ್ದು 1929ರಲ್ಲಿ, ಪೆನ್ಸಿಲ್ವೇನಿಯಾದಲ್ಲಿ. ಬೆಳೆದದ್ದು ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ. ಹೊಟ್ಟೆಪಾಡಿಗೆ ಅಂಚೆ ಇಲಾಖೆಯ ಗುಮಾಸ್ತಿಕೆ. ಸ್ಯಾಕ್ಸೊಫೋನ್ ನುಡಿಸುತ್ತಿದ್ದವರು, ವಾದ್ಯ ತನ್ನ ಗಂಟಲಲ್ಲೇ ಇದೆ ಎಂದು ತೀರ್ಮಾನಿಸಿ ‘ದಿ ಹ್ಯೂಮನ್ ಹಾರ್ನ್’ ಎಂದು ತಮ್ಮನ್ನು ಕರೆದುಕೊಂಡರು. ಕೈಯಿಂದ ದುಡ್ಡು ಕೊಟ್ಟು ನ್ಯೂಯಾರ್ಕಿನ ಏಂಜಲ್ ಸೌಂಡ್ ಎಂಬ ಸ್ಟುಡಿಯೋದಲ್ಲಿ ಹಾಡುಗಳನ್ನು ಧ್ವನಿಮುದ್ರಿಸಿದರು. ಬಾಡಿಗೆ ಕೊಟ್ಟವರಿಗೆಲ್ಲ ಟೇಪು ಮಾಡಿಕೊಡುವ ಇಂಥ ಸ್ಟುಡಿಯೋಗಳು ಆಗ ಆ ಊರಿನಲ್ಲಿ ಹಲವು ಇದ್ದವು. ಹೀಗೆ ಮಾಡಿಸಿಕೊಂಡ ಟೇಪುಗಳಲ್ಲಿ ಬಹುಪಾಲು ಮನೆಯ ಕಪಾಟಿನಲ್ಲೇ ಕೊನೆಗೊಳ್ಳುತ್ತವೆ. ಇವು ಉಳಿದದ್ದು ಅಲ್ಲಿನ ಧ್ವನಿಮುದ್ರಕರೊಬ್ಬರು ಪ್ರತಿ ಇಟ್ಟುಕೊಂಡದ್ದರಿಂದ. 1980ರ ದಶಕದಲ್ಲಿ ಅದು ನ್ಯೂಜೆರ್ಸಿಯ ಡಬ್ಲ್ಯುಎಫ್‌ಎಂಯು ರೇಡಿಯೋ ಕೇಂದ್ರಕ್ಕೆ ತಲುಪಿತು. ಅಲ್ಲಿನ ನಿರೂಪಕ ಇರ್ವಿನ್ ಚೂಸಿಡ್ ಅದನ್ನು ವರ್ಷಗಟ್ಟಲೆ ಹಾಕಿದರು. ಕೇಳುಗರು ಕ್ಯಾಸೆಟ್ಟಿನಿಂದ ಕ್ಯಾಸೆಟ್ಟಿಗೆ ಇಳಿಸಿಕೊಂಡರು. ಹಾಡಿದವರು ಎಲ್ಲಿದ್ದಾರೆ, ಬದುಕಿದ್ದಾರೆಯೇ ಎಂಬುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ.

1983ರಲ್ಲಿ ಅವರು ಹಾರ್ಲೆಮ್‌ನ ಅಪೊಲೊ ಥಿಯೇಟರಿನ ‘ಅಮೆಚೂರ್ ನೈಟ್’ ಎಂಬ ಹವ್ಯಾಸಿಗಳ ಸ್ಪರ್ಧೆಯಲ್ಲಿ ನಿಂತರು. ಅದೇ ವೇದಿಕೆಯಲ್ಲಿ 1934ರ ನವೆಂಬರಿನಲ್ಲಿ ಹದಿನೇಳರ ಹುಡುಗಿ ಎಲ್ಲಾ ಫಿಟ್ಜ್‌ಜೆರಾಲ್ಡ್ ಬಹುಮಾನ ಗೆದ್ದಿದ್ದರು. ಮುಂದೆ ಸ್ಕ್ಯಾಟ್ ಎಂದರೆ ಅವರ ಹೆಸರೇ ಎನ್ನುವಷ್ಟು ಬೆಳೆದರು. ಟೇಲರ್ ಅವರನ್ನು ಅಲ್ಲಿನ ಸಭಿಕರು ಕೂಗಿ ಕೆಳಗಿಳಿಸಿದರು. ಇದನ್ನು ಬರೀ ಕ್ರೌರ್ಯವೆಂದು ಓದಬಾರದು. ಇಷ್ಟವಾಗದವರನ್ನು ಕೂಗಿ ಕಳಿಸುವುದು ಆ ಸಭೆಯ ಪದ್ಧತಿ. ಗುಡಿಸಿ ಹಾಕಲು ಪೊರಕೆ ಹಿಡಿದ ಒಬ್ಬರು ಪಕ್ಕದಲ್ಲಿ ಸಿದ್ಧವಾಗಿಯೇ ಇರುತ್ತಾರೆ. ಅಪೊಲೊ ಸಭಿಕರಿಗೆ ಹಾಡು ಮೆಲ್ಲಗೆ ಶುರುವಾಗಿ, ತಮ್ಮನ್ನು ಮಾತಾಡಿಸಿ, ಆಮೇಲೆ ಏರಬೇಕು. ಟೇಲರ್ ಮೊದಲ ಸಾಲಿನಿಂದಲೇ ಪೂರ್ತಿ ಕಾವಿನಲ್ಲಿ ಹಾಡುವವರು. ಆ ಎರಡಕ್ಕೆ ಹೊಂದಿಕೆಯಾಗುವುದು ಸಾಧ್ಯವಿರಲಿಲ್ಲ.

2000ದಲ್ಲಿ ಚೂಸಿಡ್ ಅವರ ‘ಸಾಂಗ್ಸ್ ಇನ್ ದ ಕೀ ಆಫ್ ಝೀ’ ಪುಸ್ತಕವೂ ಜೊತೆಗೆ ಅದೇ ಹೆಸರಿನ ಸೀಡಿಯೂ ಬಂದವು. ಸೀಡಿಯಲ್ಲಿ ಟೇಲರ್ ಹಾಡಿದ ‘ಸ್ಟೌಟ್-ಹಾರ್ಟೆಡ್ ಮೆನ್’ ಇದೆ. 1928ರ ಒಂದು ಸಂಗೀತ ನಾಟಕಕ್ಕೆ ಸಿಗ್ಮಂಡ್ ರೊಂಬರ್ಗ್ ಕೂಡಿಸಿದ ವೀರಾವೇಶದ ಕವಾಯತು ಹಾಡು ಅದು. ನೀವು ಕೇಳಿದ್ದೂ ಬಹುಶಃ ಅದನ್ನೇ. 2002ರಲ್ಲಿ ಅಭಿಮಾನಿಯೊಬ್ಬರು ಹುಡುಕಿ ಹುಡುಕಿ ನೆವಾರ್ಕ್ ಊರಿನ ಹಿರಿಯರ ವಸತಿಯಲ್ಲಿ ಅವರನ್ನು ಪತ್ತೆ ಮಾಡಿದರು. 1994ರಲ್ಲಿ ಪಾರ್ಶ್ವವಾಯು ಬಡಿದು ಆ ಹೊತ್ತಿಗೆ ಹಾಡು ನಿಂತಿತ್ತು. ಆದರೂ ತಮ್ಮನ್ನು ಇಷ್ಟು ಜನ ಕೇಳುತ್ತಿದ್ದಾರೆ ಎಂಬುದು ಬದುಕಿದ್ದಾಗಲೇ ಅವರಿಗೆ ತಿಳಿಯಿತು. ರೇಡಿಯೋದಲ್ಲಿ ಮಾತಾಡಿದರು. ತೀರಿಕೊಂಡದ್ದು 2003ರ ಜೂನ್ 4ರಂದು.

ಸ್ಕ್ಯಾಟ್ ಅಂದರೆ ಅರ್ಥವಿಲ್ಲದ ಅಕ್ಷರಗಳಲ್ಲಿ, ತುತ್ತೂರಿಯೋ ಸ್ಯಾಕ್ಸೊಫೋನೋ ನುಡಿಸುವವರಂತೆ, ಅಲ್ಲಲ್ಲೇ ಹೊಸದಾಗಿ ಕಟ್ಟಿ ಹಾಡುವುದು. ಜಾಝ್ ತುತ್ತೂರಿಗಾರ, ಗಾಯಕ ಲೂಯಿ ಆರ್ಮ್‌ಸ್ಟ್ರಾಂಗ್ 1926ರ ಫೆಬ್ರುವರಿ 26ರಂದು ಶಿಕಾಗೋದಲ್ಲಿ ‘ಹೀಬೀ ಜೀಬೀಸ್’ ಧ್ವನಿಮುದ್ರಿಸುವಾಗ ಸಾಹಿತ್ಯದ ಹಾಳೆ ಕೈಜಾರಿ, ಆಗ ಬಾಯಿಗೆ ಬಂದದ್ದನ್ನು ಹಾಡಿದ್ದರಿಂದ ಸ್ಕ್ಯಾಟ್ ಹುಟ್ಟಿತು ಎಂಬ ಕತೆ ಎಲ್ಲೆಡೆ ಸಿಗುತ್ತದೆ. ಹುಟ್ಟಿನ ಮಟ್ಟಿಗೆ ಅದು ಸರಿಯಲ್ಲ. 1911ರಷ್ಟು ಹಿಂದೆಯೇ ಜೀನ್ ಗ್ರೀನ್ ಎಂಬವರ ರೆಕಾರ್ಡಿನಲ್ಲಿ ಸ್ಕ್ಯಾಟ್ ಇದೆ, 1920ರ ದಶಕದ ಆರಂಭದಲ್ಲಿ ಕ್ಲಿಫ್ ಎಡ್ವರ್ಡ್ಸ್ ಹಾಡಿದ್ದಾರೆ. ಆರ್ಮ್‌ಸ್ಟ್ರಾಂಗ್ ಅದನ್ನು ದೊಡ್ಡ ಕಲೆಯಾಗಿಸಿದರು, ಅಷ್ಟು ನಿಜ.

ಈಗ ಅಕ್ಷರಗಳ ವಿಚಾರ. ನಿಮ್ಮ ಪ್ರಶ್ನೆಯ ತಿರುಳು ಇದು, ಸ್ವಲ್ಪ ನಿಧಾನವಾಗಿ ನೋಡೋಣ.

ನುರಿತ ಸ್ಕ್ಯಾಟ್ ಗಾಯಕರು ಬಳಸುವುದು ಬಹುಮಟ್ಟಿಗೆ ಹಗುರ ವ್ಯಂಜನಗಳನ್ನು: ಬ, ಡ, ದ, ನ, ಲ, ಜೊತೆಗೆ ಅಷ್ಟಿಷ್ಟು ಶ, ವ. ‘ಡೂ’, ‘ಬಾ’, ‘ಡ್ಯಾಟ್’, ‘ಬೀ’, ‘ಡ್ನ್’. ಇವುಗಳಲ್ಲಿ ನಾಲಿಗೆಯ ತುದಿಯೋ ತುಟಿಯೋ ಒಮ್ಮೆ ತಾಗಿ ಬಿಟ್ಟರೆ ಸಾಕು, ಸ್ವರ ತಕ್ಷಣ ಹೊರಡುತ್ತದೆ. ವೇಗದ ಜಾಝ್‌ನಲ್ಲಿ ಒಂದು ಸೆಕೆಂಡಿಗೆ ಏಳೆಂಟು ಸ್ವರ ಹಾಡಬೇಕಾದಾಗ ಈ ಹಗುರತನವೇ ಕಾಪಾಡುತ್ತದೆ. ‘ರ’ವನ್ನು ಮತ್ತು ಒತ್ತಕ್ಷರಗಳನ್ನು ಅವರು ಸಾಮಾನ್ಯವಾಗಿ ದೂರವಿಡುತ್ತಾರೆ, ಏಕೆಂದರೆ ಅವು ಸಮಯ ತಿನ್ನುತ್ತವೆ.

ಟೇಲರ್ ಹಿಡಿದದ್ದು ಸರಿಯಾಗಿ ಅವನ್ನೇ. ‘ಸ್ಪ್ಲಾ’ ತೆಗೆದುಕೊಳ್ಳಿ. ಮೊದಲು ‘ಸ್’ ಎಂಬ ಬರೀ ಗಾಳಿ, ಆಮೇಲೆ ‘ಪ್’ ಎಂದು ತುಟಿ ಮುಚ್ಚಿ ಸದ್ದು ನಿಲ್ಲುತ್ತದೆ, ಆಮೇಲೆ ‘ಲ್’ ಬಂದಾಗಲೇ ಶ್ರುತಿ ಕೇಳಿಸಲು ಶುರು. ಸ್ವರ ತಾಳದ ಮೇಲೆ ಕೂರಬೇಕಾದರೆ ‘ಸ್’ ತಾಳಕ್ಕಿಂತ ಮುಂಚೆಯೇ ಹೊರಟಿರಬೇಕು. ಹೊಸಬರು ಇದನ್ನು ಅನುಕರಿಸಿದಾಗ ‘ಸ್’ ತಾಳದ ಮೇಲೆ ಬಿದ್ದು ಸ್ವರ ತಡವಾಗುತ್ತದೆ, ಇಡೀ ಸಾಲು ಹಿಂದಕ್ಕೆ ಜಗ್ಗುತ್ತದೆ. ಟೇಲರ್ ಅವರ ಸಾಲುಗಳು ಹಾಗೆ ಜಗ್ಗುವುದಿಲ್ಲ. ಬಾಯಿಗೆ ಬಂದದ್ದನ್ನು ಒದರುವವರಿಗೆ ಈ ಹಿಡಿತ ಇರದು.

‘ರಾ-ಶಾ’ದಲ್ಲಿ ಎರಡೂ ಕಡೆ ‘ಆ’ಕಾರ, ದವಡೆ ಪೂರ್ತಿ ಕೆಳಗೆ. ಹೀಗೆ ಬಾಯಿ ಅಗಲವಾಗಿ ತೆರೆದಾಗ ದನಿ ದಪ್ಪವಾಗುತ್ತದೆ. ಉದ್ದ ಸ್ವರಕ್ಕೆ ಚೆನ್ನಾಗಿ ಒಪ್ಪುತ್ತದೆ, ಬಿರುಸಿಗೆ ಒಪ್ಪುವುದಿಲ್ಲ. ಬಿರುಸಿಗೆ ಅವರ ಬಳಿ ‘ಪಾಪಿ-ಪಾಪಿ’ ಇದೆ. ಇಲ್ಲಿ ವ್ಯಂಜನಕ್ಕೆ ದುಡಿಯುವುದು ತುಟಿ ಮಾತ್ರ, ನಾಲಿಗೆಯ ತುದಿಗೆ ಬಿಡುವು. ಒಂದೇ ಅಂಗ ದುಡಿದಾಗ ವೇಗಕ್ಕೆ ಮಿತಿ ಬರುತ್ತದೆ, ಬದಲಿಗೆ ಚೆಂಡು ಪುಟಿದಂಥ ಸಮನಾದ ನೆಗೆತ ಸಿಗುತ್ತದೆ. ಆ ನೆಗೆತ ಕೇಳಿಯೇ ನಗು ಉಕ್ಕುವುದು, ಮತ್ತು ಅದು ಅತ್ಯಂತ ಖುಷಿಯ ಸದ್ದು.

ಇನ್ನೊಂದು ವಿಚಿತ್ರ ಹಿಮ್ಮೇಳದ್ದು. ಕೆಲವು ಹಾಡುಗಳಿಗೆ ವಾದ್ಯಗಾರರಿದ್ದಾರೆ. ಹಲವು ಕಡೆ ಟೇಲರ್ ಬೇರೆಯವರ ರೆಕಾರ್ಡು ಹಾಕಿಕೊಂಡು ಅದರ ಮೇಲೆಯೇ ಹಾಡಿದ್ದಾರೆ: ಜಾನಿ ಕ್ಯಾಶ್, ಇಂಕ್ ಸ್ಪಾಟ್ಸ್, ಹಾರ್ಮೊನಿಕ್ಯಾಟ್ಸ್, ಮೊಜಾರ್ಟ್ ಕೂಡ. ಜಾಝ್ ಕಛೇರಿಯಲ್ಲಿ ಗಾಯಕ ಒಂದು ಸಾಲು ಎಸೆದರೆ ಡ್ರಮ್ಮಿನವರು ಅದನ್ನು ಎತ್ತಿಕೊಳ್ಳುತ್ತಾರೆ, ಪಿಯಾನೋದವರು ಜಾಗ ಬಿಡುತ್ತಾರೆ. ರೆಕಾರ್ಡು ಯಾರಿಗೂ ಜಾಗ ಬಿಡುವುದಿಲ್ಲ. ಆದ್ದರಿಂದ ಟೇಲರ್ ಮೂಲ ಗಾಯಕರ ದನಿಯ ಮೇಲೂ ಹಾಡಬೇಕಾಗುತ್ತದೆ. ಉತ್ತರ ಕೊಡದ ಜೊತೆಗಾರನ ಎದುರು ಅವರ ಉತ್ಸಾಹ ಒಂದಿಷ್ಟೂ ಕುಗ್ಗುವುದಿಲ್ಲ. ಎರಡು ಸಂಗೀತ ಒಂದೇ ತಾಳದಲ್ಲಿ ಅಕ್ಕಪಕ್ಕ ನಡೆಯುತ್ತವೆ, ಒಂದಕ್ಕೆ ಇನ್ನೊಂದರ ಪರಿವೆಯೇ ಇರುವುದಿಲ್ಲ. ಔಟ್‌ಸೈಡರ್ ಸಂಗೀತದ ಲಕ್ಷಣವನ್ನು ಇಷ್ಟು ನೇರವಾಗಿ ಕೇಳಿಸುವ ರೆಕಾರ್ಡುಗಳು ಕಡಿಮೆ.

ಕೊನ್ನಕ್ಕೋಲ್ ವಿಚಾರ. ಹೋಲಿಕೆ ಮೇಲ್ನೋಟದ್ದು, ವ್ಯತ್ಯಾಸ ಆಳದ್ದು. ಕೊನ್ನಕ್ಕೋಲಿನ ಸೊಲ್ಲು ಮೃದಂಗದ ಹೊಡೆತಕ್ಕೆ ಅಂಟಿಕೊಂಡಿದೆ, ಪಾಠಾಂತರದಲ್ಲಿ ಬಂದದ್ದು. ‘ತಕಿಟ’ ಅಂದರೆ ಮೂರು, ‘ತಕದಿಮಿ’ ಅಂದರೆ ನಾಲ್ಕು, ಇದರಲ್ಲಿ ತಕರಾರಿಲ್ಲ. ಸ್ಕ್ಯಾಟಿನ ಅಕ್ಷರಕ್ಕೆ ಅಂಥ ಒಪ್ಪಂದವಿಲ್ಲ, ಎಣಿಕೆಯೂ ಅದರೊಳಗೆ ಅಡಗಿಲ್ಲ. ಅದು ಸ್ವರದ ಬಣ್ಣ ಮತ್ತು ಒತ್ತು ತೋರಿಸುತ್ತದೆ. ಶ್ರುತಿ ಹಿಡಿದು ಹಾಡುವ ತಿಲ್ಲಾನ ಸ್ಕ್ಯಾಟಿಗೆ ಇನ್ನೂ ಸ್ವಲ್ಪ ಹತ್ತಿರ, ಆದರೆ ಅದು ಕಟ್ಟಿಟ್ಟ ರಚನೆ. ಎರಡು ಲೋಕ ನಿಜವಾಗಿ ಎದುರುಬದುರು ಕೂತದ್ದನ್ನು ಕೇಳಬೇಕೆಂದರೆ ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ತಂಡ ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಜೊತೆ ಮಾಡಿದ ‘ಜ್ಯೋತಿ’ ಆಲ್ಬಮ್ ಕೇಳಿ. ಇಸಿಎಂ ಎಂಬ ರೆಕಾರ್ಡ್ ಕಂಪನಿ 1983ರಲ್ಲಿ ತಂದದ್ದು; ಆರ್.ಎ. ರಮಾಮಣಿಯವರ ಗಾಯನ, ಟಿ.ಎ.ಎಸ್. ಮಣಿಯವರ ಮೃದಂಗ. ಅಪೊಲೊದಲ್ಲಿ ಟೇಲರ್ ಅವರನ್ನು ಕೂಗಿ ಇಳಿಸಿದ ವರ್ಷವೂ ಅದೇ. ಆ ಆಲ್ಬಮ್‌ನಲ್ಲಿ ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಕಿವಿಗೊಟ್ಟು ಕೇಳಿ ಮರುನುಡಿಯುತ್ತಾರೆ. ಅದನ್ನು ಕೇಳಿ ಕೂಡಲೇ ಟೇಲರ್ ಕೇಳಿದರೆ, ಮರುನುಡಿಯೇ ಇಲ್ಲದೆ ಹಾಡುವುದು ಎಂದರೇನು ಎಂಬುದು ಕಿವಿಗೇ ಗೊತ್ತಾಗುತ್ತದೆ.

ಔಟ್‌ಸೈಡರ್ ಎಂಬ ಹೆಸರು ಚಿತ್ರಕಲೆಯಿಂದ ಬಂದದ್ದು. ಫ್ರೆಂಚ್ ಕಲಾವಿದ ಜಾನ್ ದ್ಯುಬುಫೆ 1940ರ ದಶಕದಲ್ಲಿ ಶಾಲೆ-ಗ್ಯಾಲರಿಗಳ ಹೊರಗಿನವರ ಚಿತ್ರಗಳನ್ನು ‘ಆರ್ ಬ್ರೂ’ ಎಂದು ಕರೆದು ಸಂಗ್ರಹಿಸಿದರು. 1972ರಲ್ಲಿ ರೋಜರ್ ಕಾರ್ಡಿನಲ್ ಅದನ್ನು ಇಂಗ್ಲಿಷಿನಲ್ಲಿ ಔಟ್‌ಸೈಡರ್ ಆರ್ಟ್ ಅಂದರು. ಸಂಗೀತಕ್ಕೆ ಅದು ಅಂಟಿಕೊಳ್ಳುವಂತೆ ಮಾಡಿದ್ದು ಚೂಸಿಡ್ ಅವರ ಪುಸ್ತಕ.

ಈ ಹೆಸರಿನಡಿ ತುಂಬ ಬೇರೆ ಬೇರೆ ಸಂಗತಿಗಳನ್ನು ಒಟ್ಟಿಗೆ ಸುರಿಯಲಾಗಿದೆ. ಬೇರ್ಪಡಿಸಲು ಒಂದು ಪರೀಕ್ಷೆ ಉಪಯೋಗಕ್ಕೆ ಬರುತ್ತದೆ. ತಪ್ಪು ಅನ್ನಿಸಿದ್ದು ಅದೇ ಜಾಗದಲ್ಲಿ, ಅದೇ ಥರ ಮತ್ತೆ ಬರುತ್ತದೆಯೇ? ಬಂದರೆ ಅದು ತಪ್ಪಲ್ಲ, ಅವರ ನಿಯಮ. ಷ್ಯಾಗ್ಸ್ ತಂಡವನ್ನು ನೋಡಿ. ನ್ಯೂ ಹ್ಯಾಂಪ್‌ಷೈರಿನ ಫ್ರೀಮಾಂಟ್ ಎಂಬ ಪುಟ್ಟ ಊರಿನ ಅಕ್ಕತಂಗಿಯರು. ಅಪ್ಪ ಆಸ್ಟಿನ್ ವಿಗ್ಗಿನ್ ಅವರ ಒತ್ತಾಯದಿಂದ ತಂಡ ಕಟ್ಟಿ, 1969ರಲ್ಲಿ ‘ಫಿಲಾಸಫಿ ಆಫ್ ದ ವರ್ಲ್ಡ್’ ಆಲ್ಬಮ್ ಮಾಡಿದರು. ಮೊದಲ ಸಲ ಕೇಳಿದಾಗ ಡ್ರಮ್ ಒಂದು ಕಡೆ, ಗಿಟಾರ್ ಇನ್ನೊಂದು ಕಡೆ. ಗಮನವಿಟ್ಟರೆ, ಗಿಟಾರ್ ಹಾಡಿನ ಸಾಹಿತ್ಯವನ್ನು ಅಕ್ಷರ ಅಕ್ಷರವಾಗಿ ಹಿಂಬಾಲಿಸುತ್ತಿದೆ. ಸಾಲು ಉದ್ದವಾದರೆ ತಾಳವೂ ಉದ್ದವಾಗುತ್ತದೆ. ತಾಳದೊಳಗೆ ಮಾತನ್ನು ಕೂರಿಸುವ ಬದಲು ಮಾತಿಗೆ ತಕ್ಕಂತೆ ತಾಳವನ್ನು ಹಿಗ್ಗಿಸಿದ್ದಾರೆ. 2017ರಲ್ಲಿ ಮ್ಯಾಸಚೂಸೆಟ್ಸ್‌ನ ಸಾಲಿಡ್ ಸೌಂಡ್ ಉತ್ಸವದಲ್ಲಿ ಅಕ್ಕತಂಗಿಯರು ಹಾಡಿದಾಗ, ಜೊತೆಗಿದ್ದ ವಾದ್ಯಗಾರರು ಹಳೆಯ ರೆಕಾರ್ಡಿನ ಭಾಗಗಳನ್ನು ಕಲಿತು ನುಡಿಸಿದರು. ಕಲಿಯಲು ಬಂತು ಎಂದರೆ ಅಲ್ಲಿ ರಚನೆ ಇತ್ತು ಎಂದೇ ಅರ್ಥ.

ಫ್ಲಾರೆನ್ಸ್ ಫಾಸ್ಟರ್ ಜೆಂಕಿನ್ಸ್ ಅವರನ್ನೂ ಈ ಪಟ್ಟಿಗೆ ಸೇರಿಸುತ್ತಾರೆ. 1944ರ ಅಕ್ಟೋಬರ್ 25ರಂದು ನ್ಯೂಯಾರ್ಕಿನ ಕಾರ್ನೆಗಿ ಹಾಲ್ ತುಂಬಿಸಿ ಹಾಡಿದವರು. ನನ್ನ ಲೆಕ್ಕದಲ್ಲಿ ಅವರದು ಬೇರೆ ಜಾತಿ. ಅವರು ಹಾಡಿದ್ದು ಎಲ್ಲರಿಗೂ ಗೊತ್ತಿದ್ದ ಆಪೆರಾ ಭಾಗಗಳನ್ನು. ಬರೆದಿಟ್ಟ ಸ್ವರಕ್ಕೆ ಎಷ್ಟು ತಪ್ಪಿತು ಎಂಬುದರ ಮೇಲೆ ಕೇಳುಗರ ಕಣ್ಣು. ಧೈರ್ಯ ದೊಡ್ಡದು, ಆದರೆ ಹೊಸ ನಿಯಮ ಹುಟ್ಟಲಿಲ್ಲ.

ಇನ್ನೊಂದು ತುದಿಯಲ್ಲಿ, ವಿಚಿತ್ರವಾಗಿ ಹಾಡಿದವರೆಲ್ಲ ಔಟ್‌ಸೈಡರ್ ಅಲ್ಲ. ಸ್ಲಿಮ್ ಗೇಲಾರ್ಡ್ ತಮ್ಮದೇ ಒಂದು ಭಾಷೆ ಕಟ್ಟಿ, ಅದಕ್ಕೆ ಪದಕೋಶವನ್ನೂ ತಂದರು. 1938ರಲ್ಲಿ ಅವರ ಹಾಡು ಅಮೆರಿಕವನ್ನೆಲ್ಲ ಕುಣಿಸಿತು. ಲಿಯೋ ವಾಟ್ಸನ್ ಹಾಡುತ್ತ ಹಾಡುತ್ತ ಎಲ್ಲಿಂದ ಎಲ್ಲಿಗೋ ಜಿಗಿಯುತ್ತಿದ್ದರು, ಟ್ರೊಂಬೋನಿನಂತೆ ದನಿ ಜಾರಿಸುತ್ತಿದ್ದರು. ಇಬ್ಬರೂ ಜಾಝ್ ಮನೆಯೊಳಗಿನವರು. ಪಕ್ಕದಲ್ಲಿ ನುಡಿಸುವವರಿದ್ದರು, ಕೈಬಿಟ್ಟರೆ ತಿದ್ದುವವರಿದ್ದರು. ಟೇಲರ್ ಅವರಿಗೆ ಇಲ್ಲದೆ ಹೋದದ್ದು ಆ ಸಂಗಡಿಗರೇ. ತಿದ್ದುವವರಿಲ್ಲದ್ದರಿಂದ ಅವರ ಒರಟುತನ ಉಳಿಯಿತು, ಅದೇ ಕಾರಣಕ್ಕೆ ಅವರದೇ ಆದದ್ದೂ ಸವೆಯದೆ ಉಳಿಯಿತು.

ಇಲ್ಲಿ ಒಂದು ಎಚ್ಚರಿಕೆ ಬೇಕು. ಔಟ್‌ಸೈಡರ್ ಪಟ್ಟಿಗೆ ಸೇರಿಸುವ ಅಮೆರಿಕದ ಗಾಯಕರಾದ ಡೇನಿಯಲ್ ಜಾನ್‌ಸ್ಟನ್, ವೆಸ್ಲಿ ವಿಲ್ಲಿಸ್ ಮೊದಲಾದವರು ಗಂಭೀರ ಮಾನಸಿಕ ಕಾಯಿಲೆಯೊಡನೆ ಬದುಕಿದವರು. ಕಾಯಿಲೆಯೇ ಹಾಡು ಬರೆಯಿತು ಎಂಬಂತೆ ಮಾತಾಡುವವರು ಆ ಮನುಷ್ಯರ ದುಡಿಮೆಯನ್ನು ಕಸಿದುಕೊಳ್ಳುತ್ತಾರೆ. ಜಾನ್‌ಸ್ಟನ್ ಮನೆಯಲ್ಲಿ ಕ್ಯಾಸೆಟ್ ರೆಕಾರ್ಡರಿನ ಮುಂದೆ ಕೂತು ಹಾಡು ಕಟ್ಟಿದ್ದು ಕುಸುರಿ ಕೆಲಸ. ಷ್ಯಾಗ್ಸ್ ವಿಷಯದಲ್ಲಿ ಬೇರೆ ತೊಡಕು: ಆ ಹುಡುಗಿಯರಿಗೆ ತಂಡವೇ ಬೇಕಿರಲಿಲ್ಲ, 1975ರಲ್ಲಿ ಅಪ್ಪ ತೀರಿಕೊಂಡ ಕೂಡಲೇ ನಿಲ್ಲಿಸಿದರು. ಇದನ್ನು ತಿಳಿದು ಕೇಳಬೇಕು. ಟೇಲರ್ ಮಾತ್ರ ತಾವೇ ಬಯಸಿ, ತಾವೇ ದುಡ್ಡು ಕೊಟ್ಟು, ಕೇಳಿಸಿಕೊಳ್ಳುವವರಿಗಾಗಿ ಕಾದು ಹಾಡಿದವರು. ಅವರನ್ನು ಕೇಳುವಾಗ ಈ ಅಳುಕು ಬೇಕಿಲ್ಲ.

ಸರಿ, ಹೇಗೆ ಕೇಳಬೇಕು? ಒಂದೇ ಹಾಡು ಸಾಕು, ಅದರಲ್ಲಿ ಎಂಟು ಬಾರ್ (ನಾಲ್ಕು ಏಟಿನ ಒಂದು ಸುತ್ತಿಗೆ ಒಂದು ಬಾರ್) ಅಂದರೆ 32 ಏಟು ಮಾತ್ರ. ಮೊದಲು ಬರೀ ತಾಳ ಹಾಕಿ, ಅಕ್ಷರದ ಕಡೆ ಗಮನ ಬೇಡ. ಆಮೇಲೆ ಪ್ಲೇಯರಿನ ವೇಗ 0.75ಕ್ಕೆ ಇಳಿಸಿ, 0.5ಕ್ಕಿಂತ ಕೆಳಗೆ ಹೋದರೆ ವ್ಯಂಜನಗಳು ಕಲಸಿಹೋಗಿ ಪ್ರಯೋಜನವಿಲ್ಲ. ಕಾಗದದ ಮೇಲೆ ಏಟಿಗೊಂದು ಮನೆ ಎಳೆದು, ಕೇಳಿದ್ದನ್ನು ಕನ್ನಡ ಲಿಪಿಯಲ್ಲಿ ಬರೆಯಿರಿ: ಉದ್ದ ಸ್ವರಕ್ಕೆ ದೀರ್ಘ, ತಟ್ಟನೆ ನಿಂತರೆ ಅರ್ಧಾಕ್ಷರ. ಒತ್ತಕ್ಷರವಿರುವ ನಮ್ಮ ಲಿಪಿ ‘ಸ್ಪ್ಲಾ’ವನ್ನು ಒಂದೇ ಗುಣಿತದಲ್ಲಿ ಹಿಡಿಯುತ್ತದೆ, ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ. ಎರಡನೇ ಹಾಡಿಗೂ ಇದನ್ನೇ ಮಾಡಿ ಎರಡು ಹಾಳೆಗಳನ್ನು ಪಕ್ಕಪಕ್ಕ ಇಡಿ. ಉದ್ದ ಸ್ವರಕ್ಕೆ ಯಾವ ಅಕ್ಷರ, ಬಿರುಸಿಗೆ ಯಾವುದು ಎಂಬ ಪದ್ಧತಿ ಕಣ್ಣಿಗೇ ಕಾಣುತ್ತದೆ.

ಹಳೆಯ ಟೇಪಾದ್ದರಿಂದ ಹಿನ್ನೆಲೆಯಲ್ಲಿ ‘ಶ್ಶ್’ ಎಂಬ ಸದ್ದು ಇದೆ. ಆ್ಯಪಿನಲ್ಲಿ ನಾಯ್ಸ್ ರಿಡಕ್ಷನ್ ಹಾಕಬೇಡಿ. ಟೇಪಿನ ಸದ್ದೂ ಗಾಯಕರ ‘ಶ’, ‘ಸ’ಗಳೂ ಒಂದೇ ಎತ್ತರದ ಆವರ್ತನದಲ್ಲಿರುವುದರಿಂದ ಅದು ಎರಡನ್ನೂ ಒರೆಸುತ್ತದೆ, ‘ಶಾ’ ಇದ್ದದ್ದು ‘ಆ’ ಎಂದು ಕೇಳುತ್ತದೆ. ಬಾಸ್ ಬೂಸ್ಟ್ ಕೂಡ ಆರಿಸಿಬಿಡಿ.

ಇನ್ನು ಕಲಿಯುವ ಮಾತು. ಟೇಲರ್ ಅವರನ್ನು ನಕಲು ಮಾಡಲು ಹೋಗಬೇಡಿ, ಅದು ಬರೀ ಅಣಕವಾಗುತ್ತದೆ. ಸಾಮಾನ್ಯ ಸ್ಕ್ಯಾಟ್ ಮೊದಲು ಬರಲಿ.

ಜಾಝ್‌ನಲ್ಲಿ ತುಂಬ ಬಳಕೆಯಲ್ಲಿರುವ, ಹನ್ನೆರಡು ಬಾರಿನ ಬ್ಲೂಸ್ ಎಂಬ ಚೌಕಟ್ಟು ತೆಗೆದುಕೊಳ್ಳಿ. ಬಾರಿಗೆ ನಾಲ್ಕು ಏಟು, ಒಟ್ಟು 48. ನಿಮ್ಮ ಶ್ರುತಿಯ ಷಡ್ಜವನ್ನೇ ಆಧಾರ ಮಾಡಿಕೊಂಡರೆ ಕಾರ್ಡುಗಳು (ಒಟ್ಟಿಗೆ ನುಡಿಯುವ ಸ್ವರಗಳ ಗುಂಪುಗಳು) ಹೀಗೆ ಸಾಗುತ್ತವೆ: ನಾಲ್ಕು ಬಾರ್ ಷಡ್ಜ, ಎರಡು ಮಧ್ಯಮ, ಎರಡು ಷಡ್ಜ, ಒಂದು ಪಂಚಮ, ಒಂದು ಮಧ್ಯಮ, ಕೊನೆಗೆ ಎರಡು ಷಡ್ಜ. ಮೊದಲು ಈ ಮೂಲ ಸ್ವರಗಳನ್ನೇ ಉದ್ದಕ್ಕೆ ಹಾಡಿ, ಬಾರು ಎಣಿಸುವುದು ಮರೆತರೂ ಕಾರ್ಡು ಬದಲಾಗುವ ಜಾಗ ತಾನಾಗಿ ತಿಳಿಯುವ ತನಕ. ಆಮೇಲೆ ಷಡ್ಜದ ಕಾರ್ಡಿಗೆ ಸ, ಅಂತರ ಗಾಂಧಾರ, ಪ, ಕೈಶಿಕಿ ನಿಷಾದ. ಮಧ್ಯಮದ ಕಾರ್ಡಿಗೆ ಮ, ಚತುಶ್ರುತಿ ಧೈವತ, ಸ, ಸಾಧಾರಣ ಗಾಂಧಾರ. ಪಂಚಮದ ಕಾರ್ಡಿಗೆ ಪ, ಕಾಕಲಿ ನಿಷಾದ, ಚತುಶ್ರುತಿ ರಿಷಭ, ಮ. ಎಲ್ಲಕ್ಕಿಂತ ಮುಖ್ಯವಾದ ತಿರುವು ಐದನೇ ಬಾರಿನಲ್ಲಿ: ಅಂತರ ಗಾಂಧಾರ ಸಾಧಾರಣಕ್ಕೆ ಇಳಿಯುತ್ತದೆ, ಕೈಶಿಕಿ ನಿಷಾದ ಚತುಶ್ರುತಿ ಧೈವತಕ್ಕೆ ಇಳಿಯುತ್ತದೆ. ಈ ಎರಡು ಇಳಿತ ಕೇಳಿಸಿದರೆ ಹಿಮ್ಮೇಳ ಇಲ್ಲದೆಯೂ ಬ್ಲೂಸ್ ಕೇಳಿಸುತ್ತದೆ. ಕರ್ನಾಟಕ ಸಂಗೀತದ ಅಭ್ಯಾಸವಿದ್ದವರು ಇಲ್ಲಿ ಎಡವುತ್ತಾರೆ, ಏಕೆಂದರೆ ಒಂದು ರಾಗ ಹಿಡಿದ ಮೇಲೆ ಗಾಂಧಾರ ಬದಲಿಸಲು ಮನಸ್ಸು ಒಪ್ಪುವುದಿಲ್ಲ.

ಲಯಕ್ಕೆ, ಟಿಕ್ ಟಿಕ್ ಎಂದು ತಾಳ ಹಾಕುವ ಮೆಟ್ರೊನೋಮನ್ನು ನಿಮಿಷಕ್ಕೆ 60ಕ್ಕೆ ಇಡಿ. ಟಿಕ್ ಬಂದಾಗಲೆಲ್ಲ ‘ಎರಡು’, ‘ನಾಲ್ಕು’ ಎನ್ನಿ, ನಡುವೆ ‘ಒಂದು’, ‘ಮೂರು’ ತುಂಬಿಸಿ. ಈಗ ವೇಗ 120 ಆಯಿತು, ಒತ್ತು ಎರಡು ಮತ್ತು ನಾಲ್ಕರ ಮೇಲೆ. ಸ್ವಲ್ಪ ಹೊತ್ತಿನಲ್ಲೇ ಟಿಕ್ ಒಂದು-ಮೂರಕ್ಕೆ ಜಾರಿರುತ್ತದೆ. ನಿಲ್ಲಿಸಿ, ಮತ್ತೆ ‘ಎರಡು’ ಎಂದೇ ಶುರು ಮಾಡಿ.

ಸ್ವಿಂಗ್, ಅಂದರೆ ಒಂದು ಉದ್ದ ಒಂದು ಚುಟುಕಾಗಿ ತೂಗುವ ಜಾಝ್ ನಡೆ, ನಿಮಗೆ ಮೃದಂಗದಿಂದಲೇ ಸಿಗುತ್ತದೆ. ತಿಶ್ರ ನಡೆಯಲ್ಲಿ (ಏಟಿಗೆ ಮೂರು ಅಕ್ಷರ) ‘ತಕಿಟ’ ಹೇಳಿ, ಮೊದಲ ಅಕ್ಷರವನ್ನು ಎರಡು ಮಾತ್ರೆ ಹಿಡಿದು ಮೂರನೆಯದನ್ನು ಚುಟುಕಾಗಿ ಬಿಡಿ: ‘ತಾ-ಟ, ತಾ-ಟ’. ಮಧ್ಯಮ ವೇಗದಲ್ಲಿ ಸ್ವಿಂಗ್ ಇರುವುದು ಹೆಚ್ಚುಕಡಿಮೆ ಹೀಗೆ, ಎರಡಕ್ಕೆ ಒಂದು. ವೇಗ ಏರಿದಂತೆ ಎರಡೂ ಸಮವಾಗುತ್ತ ಹೋಗುತ್ತವೆ. ಕೊನ್ನಕ್ಕೋಲಿನವರ ಸಾಮಾನ್ಯ ತೊಂದರೆ ಎಲ್ಲ ಅಕ್ಷರವನ್ನೂ ಒಂದೇ ಅಳತೆಗೆ ಕತ್ತರಿಸುವುದು. ಇನ್ನೊಂದು, ಪ್ರತಿ ಸಾಲನ್ನೂ ಮುಕ್ತಾಯದಂತೆ ಸಮಕ್ಕೆ, ಅಂದರೆ ತಾಳದ ಮೊದಲ ಏಟಿಗೆ, ತಂದು ಬೀಳಿಸುವುದು. ಜಾಝ್ ಸಾಲು ನಾಲ್ಕನೇ ಏಟಿನ ಅರ್ಧದಲ್ಲೇ ಮುಗಿದು ಸಮವನ್ನು ಖಾಲಿ ಬಿಡಬಹುದು, ಬಿಡುವುದೇ ಚೆಂದ.

ಅಕ್ಷರಕ್ಕೆ ಆರಂಭದಲ್ಲಿ ನಾಲ್ಕು ಸಾಕು. ಉದ್ದಕ್ಕೆ ‘ಡೂ’, ಅರ್ಧ ಏಟಿನ ಒತ್ತಿಗೆ ‘ಬಾ’, ಕತ್ತರಿಸಲು ‘ಡ್ಯಾಟ್’, ನುಂಗಿದ ಸ್ವರಕ್ಕೆ ‘ಡ್ನ್’. ‘ಡ್ಯಾಟ್’ ಕನ್ನಡಿಗರಿಗೆ ಕಷ್ಟ ಕೊಡುತ್ತದೆ. ನಮ್ಮ ಮಾತಿನ ಪದಗಳು ಹೆಚ್ಚಾಗಿ ಸ್ವರಾಕ್ಷರದಲ್ಲಿ ಕೊನೆಗೊಳ್ಳುವುದರಿಂದ ‘ಡ್ಯಾಟು’ ಎಂದು ಬಾಲ ಬೆಳೆಯುತ್ತದೆ, ಆ ಬಾಲ ಮುಂದಿನ ಏಟನ್ನು ತಿನ್ನುತ್ತದೆ. ಕೊನೆಯ ‘ಟ್’ನಲ್ಲಿ ನಾಲಿಗೆಯನ್ನು ಅಂಗುಳಕ್ಕೆ ಒತ್ತಿ ಅಲ್ಲೇ ಬಿಡಿ, ತೆಗೆಯಬೇಡಿ. ಡಕಾರವನ್ನೂ ನಮ್ಮಷ್ಟು ಹಿಂದಕ್ಕೆ ಮಡಚದೆ ಹಲ್ಲಿನ ಹಿಂದಿನ ವಸಡಿಗೆ ತಾಗಿಸಿದರೆ ಹಗುರಾಗುತ್ತದೆ.

ವೇಗ 160 ದಾಟಿದ ಮೇಲೆ ‘ಡ ಡ ಡ ಡ’ ಎಂದು ಒಂದೇ ಜಾಗ ಬಡಿದರೆ ನಾಲಿಗೆ ಕಟ್ಟುತ್ತದೆ. ತುದಿ-ಬುಡ ಅದಲುಬದಲಾಗಬೇಕು. ಕೊಳಲು, ಟ್ರಂಪೆಟ್ ಕಲಿಸುವವರು ಇದಕ್ಕೇ ‘ತ-ಕ ತ-ಕ’ ಹೇಳಿಸುತ್ತಾರೆ; ನಿಮ್ಮ ಬಾಯಲ್ಲಿ ಅದು ಆಗಲೇ ಇದೆ. ‘ತಕ’ವನ್ನು ‘ಡಗ’ ಎಂದು ಮೆತ್ತಗೆ ಮಾಡಿಕೊಂಡರೆ ಸ್ಕ್ಯಾಟಿನ ವೇಗಕ್ಕೆ ನೇರವಾಗಿ ಬಳಸಬಹುದು.

ಉಸಿರಿಗೆ ಒಂದು ನಿಯಮ: ಎರಡು ಬಾರ್ ಹಾಡಿ, ಎರಡು ಬಾರ್ ಸುಮ್ಮನಿರಿ. ಖಾಲಿ ಬಾರಿನಲ್ಲಿ ಹಿಮ್ಮೇಳ ಏನು ಮಾಡಿತು ಎಂಬುದನ್ನು ಕೇಳಿ ಅದಕ್ಕೆ ಉತ್ತರವಾಗಿ ಮುಂದಿನ ಎರಡು ಬಾರ್ ಕಟ್ಟಿ. ಹೊಸಬರ ಸ್ಕ್ಯಾಟ್ ಬೇಸರ ತರಿಸುವುದು ಅಕ್ಷರ ಸಾಲದ್ದರಿಂದಲ್ಲ, ಸುಮ್ಮನಿರುವ ಜಾಗ ಇಲ್ಲದ್ದರಿಂದ. ಮೊಬೈಲಿನಲ್ಲಿ ಧ್ವನಿಮುದ್ರಿಸಿ, ಮೇಲೆ ಹೇಳಿದಂತೆ ಮನೆ ಎಳೆದು ನಿಮ್ಮದನ್ನೇ ಬರೆದುಕೊಳ್ಳಿ. ‘ಶೂಬಿ-ಡೂಬಿ’ಯೊಂದೇ ಪುಟ ತುಂಬ ಕಂಡರೆ, ನಿಮಗೆ ಸಹಜವಾಗಿ ಬರುವ ಇನ್ನೆರಡು ಅಕ್ಷರ ಸೇರಿಸಿ. ಅವು ಬೇರೆ ಯಾರ ಹಾಡಿನಲ್ಲೂ ಕೇಳದ ಅಕ್ಷರಗಳಾಗಿದ್ದರೂ ಸರಿ, ತಾಳದ ಮೇಲೆ ಕೂರುತ್ತಿದ್ದರೆ ತೆಗೆಯಬೇಡಿ.